ಹವಾಯಿಯಲ್ಲಿ ‘ಲಾವಾ ಟೂರ್’ ಬುಕ್ ಮಾಡೋಕೆ ಮುಂಚೆ ಇದನ್ನೊಮ್ಮೆ ಓದಿ

ಹವಾಯಿಯ ಬಿಗ್ ಐಲ್ಯಾಂಡ್‌ಗೆ ಹೊರಟಿರೋರು ದಯವಿಟ್ಟು ಗಮನಿಸಿ. ಆ ದ್ವೀಪದ ಪಶ್ಚಿಮ ತೀರದ ಕೋನಾದಿಂದ ಹೊರಡೋ ‘ಲಾವಾ ಟೂರ್’ ಒಂದನ್ನ ನಾವು ಬುಕ್ ಮಾಡಿದ್ವಿ. ಜಾಹೀರಾತಿನ ತುಂಬಾ ಕೆಂಡದಂಥ ಲಾವಾ ಸಮುದ್ರಕ್ಕೆ ಸುರಿಯೋ ಫೋಟೊಗಳು. ಆ ದೃಶ್ಯ 2018ಕ್ಕೇ ಮುಗಿದುಹೋಗಿದೆ! ಇಲ್ಲಿನ ಕಿಲವೇಯಾ ಜ್ವಾಲಾಮುಖಿಯಲ್ಲಿ 2024ರ ಡಿಸೆಂಬರ್‌ನಿಂದ ಶುರುವಾದ ಸ್ಫೋಟ ನಡೀತಿರೋದು ನೆತ್ತಿಯ ಹಲೆಮಾಉಮಾಉ ಕುಳಿಯೊಳಗೆ, ಅದೂ ಬಿಟ್ಟು ಬಿಟ್ಟು. ಲಾವಾ ಕಾರಂಜಿ ಸಾಮಾನ್ಯವಾಗಿ ಕೆಲವೇ ಗಂಟೆ. ಆಮೇಲೆ ಎಷ್ಟೋ ದಿನ ಬರೀ ಹೊಗೆ.

ನಾವು ಹೋಗೋ ಹೊತ್ತಿಗೆ ಕಾರಂಜಿ ನಿಂತಾಗಿತ್ತು. ವ್ಯಾನ್ ಹೊರಡೋ ಮುಂಚೆ ಅವರ‍್ಯಾರೂ ಬಾಯಿಬಿಡಲಿಲ್ಲ. ಸುಮಾರು 150 ಕಿ.ಮೀ. ಕೂತು, ಕತ್ತಲಾಗೋ ಹೊತ್ತಿಗೆ ಕುಳಿಯಂಚು ತಲುಪಿದ್ರೆ ಜಿಟಿಜಿಟಿ ಮಳೆ, ಮಂಜು. ಅದು 1,200 ಮೀಟರ್ ಎತ್ತರ. ಬೀಚಿನ ಬಟ್ಟೆಯಲ್ಲೇ ಬಂದಿದ್ದೋರೆಲ್ಲ ಗಡಗಡ ನಡುಗ್ತಿದ್ರು. ಗೈಡ್ ಮಹಾಶಯ ಕಂಬಿಗೆ ಒರಗಿ, ತನ್ನ ಮೊಬೈಲಲ್ಲಿ ಹಳೇ ಲಾವಾ ವಿಡಿಯೊ ತೋರಿಸಿದ. ದುಡ್ಡು ವಾಪಸ್ ಕೇಳಿದ್ದಕ್ಕೆ, ‘ಜ್ವಾಲಾಮುಖಿ ತೋರಿಸ್ತೀವಿ ಅಂದಿದ್ವಿ, ಲಾವಾ ಅಂದಿರಲಿಲ್ಲ’ ಅನ್ನೋ ಉತ್ತರ. ಟೂರಿನ ಹೆಸರೇ ಲಾವಾ ಟೂರ್, ಸ್ವಾಮಿ!

ನಮ್ಮ ಜೊತೆ ಬಂದಿದ್ದ ಒಬ್ಬರಿಗೆ ಆಸ್ತಮಾ. ಕುಳಿಯಿಂದ ಸಲ್ಫರ್ ಡೈಆಕ್ಸೈಡ್ ಬರ್ತಾನೇ ಇರುತ್ತೆ, ಗಾಳಿ ನಮ್ಮ ಕಡೆ ತಿರುಗಿದ ಕೂಡಲೇ ಅವರಿಗೆ ಕೆಮ್ಮು ಹಿಡೀತು. ಬುಕಿಂಗ್ ಮಾಡೋವಾಗ ಆರೋಗ್ಯದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಇನ್ನು ಕಾರಂಜಿ ಚಿಮ್ಮೋ ದಿನ ಹೋಗೋರಿಗೆ ಬೇರೆ ಕಾಟ: ಚಿಮ್ಮಿದ ಲಾವಾ ತಣಿದು ಆಗೋ ಕೂದಲೆಳೆಯಂಥ ಗಾಜಿನ ನಾರು ಗಾಳೀಲಿ ಹಾರಿ ಬರುತ್ತೆ. ಮೈಗೆ ತಾಗಿದ್ರೆ ತುರಿಕೆ, ಕಣ್ಣಿಗೆ ಬಿದ್ರೆ ಉರಿ. ತುಂಬುತೋಳಿನ ಬಟ್ಟೆ ಹಾಕ್ಕೊಳ್ಳಿ, ಕಣ್ಣು ಜೋಪಾನ.

ಕಾರಂಜಿ ಇದೆಯೋ ಇಲ್ಲವೋ ಅಂತ ತಿಳಿಯೋಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ದಿನಾ ವರದಿ ಹಾಕುತ್ತೆ, ಕುಳಿಯ ಲೈವ್ ಕ್ಯಾಮೆರಾನೂ ಇದೆ. ಈ ಕುಳಿ ಇರೋ ನ್ಯಾಷನಲ್ ಪಾರ್ಕ್ ದಿನದ 24 ಗಂಟೆಯೂ ತೆರೆದಿರುತ್ತೆ.

ನಿಜವಾಗಿ ಹೊಟ್ಟೆ ಉರಿದಿದ್ದು ಮಾರನೇ ದಿನ, ನಾವೇ ಬಾಡಿಗೆ ಕಾರಲ್ಲಿ ಹೋದಾಗ. 1959ರಲ್ಲಿ 580 ಮೀಟರ್ ಎತ್ತರಕ್ಕೆ ಲಾವಾ ಚಿಮ್ಮಿದ ಕಿಲವೇಯಾ ಇಕಿ ಕುಳಿಯ ತಳದಲ್ಲೇ ನಡೀಬಹುದು. ಕಪ್ಪು ನೆಲದ ಬಿರುಕುಗಳಿಂದ ಈಗಲೂ ಹಬೆ ಏಳುತ್ತೆ, ಅಂಗೈ ಹಿಡಿದ್ರೆ ತೇವ. ಕರಾವಳಿಗೆ ಇಳಿಯೋ ರಸ್ತೆಯಲ್ಲಿ, ಪುಉಲೋಆದಲ್ಲಿ, ಗಟ್ಟಿಯಾದ ಲಾವಾ ಮೇಲೆ ಕೆತ್ತಿರೋ 23,000ಕ್ಕೂ ಹೆಚ್ಚು ಚಿತ್ರಗಳಿವೆ. ಲಾವಾ ಇಲ್ಲದ ದಿನಕ್ಕೆ ಇದಕ್ಕಿಂತ ಇನ್ನೇನು ಬೇಕು? ಟೂರಿನವರು ಇದರಲ್ಲಿ ಒಂದನ್ನೂ ತೋರಿಸಲಿಲ್ಲ. (ಆ ರಸ್ತೆಯಲ್ಲಿ ಪೆಟ್ರೋಲ್ ಸಿಗಲ್ಲ, ತುಂಬಿಸ್ಕೊಂಡೇ ಇಳೀರಿ.)

ಈಗಾಗಲೇ ಬುಕ್ ಮಾಡಿದ್ರೆ, ‘ಕಾರಂಜಿ ನಿಂತಿದ್ರೆ ದುಡ್ಡು ವಾಪಸ್ಸಾ?’ ಅಂತ ಇಮೇಲಲ್ಲೇ ಕೇಳಿ ಉತ್ತರ ಇಟ್ಕೊಳ್ಳಿ. ನಾವು ಜಾಹೀರಾತಿನ ಸ್ಕ್ರೀನ್‌ಶಾಟ್ ಸಮೇತ ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟಿದ್ದೀವಿ, ಇನ್ನೂ ಉತ್ತರ ಬಂದಿಲ್ಲ.