ಮಟ್ಟು ಗುಳ್ಳದ ಗದ್ದೆಗೆ ಶಾಲಾ ಪ್ರವಾಸವೇ? ‘ಮದ್ದು ಬಿಟ್ಟದ್ದು ಯಾವಾಗ’ ಎಂದು ಮೊದಲು ಕೇಳಿ

ಡಿಸೆಂಬರಿನಲ್ಲಿ ಘಟ್ಟದ ಮೇಲಿನ ಒಂದು ಶಾಲೆಯ ಎಂಟನೇ ತರಗತಿಯ ಮಕ್ಕಳು ಉಡುಪಿ ಬಳಿಯ ಮಟ್ಟುವಿಗೆ, ಅಲ್ಲಿನ ಹೆಸರಾಂತ ಬದನೆಯಾದ ಗುಳ್ಳ ನೋಡಲು ಬಂದಿದ್ದರು. ಗದ್ದೆಯಲ್ಲಿ ಇದ್ದದ್ದು ಮುಕ್ಕಾಲು ಗಂಟೆ. ವಾಪಸು ಹೋಗುವ ದಾರಿಯಲ್ಲಿ ನಾಲ್ವರಿಗೆ ಕಣ್ಣುರಿ, ಕೈ ತುರಿಕೆ. ಒಬ್ಬ ಹುಡುಗನಿಗೆ ಎರಡು ಸಲ ವಾಂತಿ. ಗಿಡಕ್ಕೆ ಯಾವ ಮದ್ದು (ಕೀಟನಾಶಕ) ಹೊಡೆದಿದ್ದರು ಎಂದು ಆಸ್ಪತ್ರೆಯಲ್ಲಿ ವೈದ್ಯರು ಕೇಳಿದಾಗ ಜೊತೆಗಿದ್ದ ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡರು. ಪುಣ್ಯಕ್ಕೆ ಮರುದಿನದ ಹೊತ್ತಿಗೆ ಮಕ್ಕಳು ಸರಿಹೋದರು. ಇಲ್ಲಿ ಬೆಳೆಗಾರರನ್ನು ದೂರುವಂತಿಲ್ಲ, ಬಸ್ಸು ಬರುವ ವಿಷಯವೇ ಅವರಿಗೆ ಗೊತ್ತಿರಲಿಲ್ಲ. ಪ್ರವಾಸ ವಹಿಸಿಕೊಂಡ ಏಜೆಂಟ್ ರಸ್ತೆ ಬದಿಯಲ್ಲಿ ಸಿಕ್ಕ ಯಾರನ್ನೋ ಕೇಳಿ ಮಕ್ಕಳನ್ನು ಗದ್ದೆಗೆ ಇಳಿಸಿದ್ದ.

ಗುಳ್ಳ ಎಷ್ಟೇ ಹೆಸರುವಾಸಿಯಾದರೂ ಅದು ಬದನೆಯೇ. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜ ಎಂಬ ನಂಬಿಕೆ, 2011ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆ, ಯಾವುದೂ ಹುಳಕ್ಕೆ ಲೆಕ್ಕವಿಲ್ಲ. ಕುಡಿ ಮತ್ತು ಕಾಯಿ ಕೊರಕದ ಪತಂಗ ಎಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮರಿ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಎಳೆ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಸೇರುತ್ತದೆ. ಒಳಹೋದ ಮೇಲೆ ಹೊರಗೆ ಎಷ್ಟು ಸಿಂಪಡಿಸಿದರೂ ಅದಕ್ಕೆ ತಾಗುವುದು ಕಷ್ಟ. ಹಾಗಾಗಿ ಬಾಡಿದ ಕುಡಿ ಕಿತ್ತು ನಾಶಮಾಡುತ್ತಾ, ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ನೇತುಹಾಕಿದರೂ ಬದನೆ ಗದ್ದೆಗೆ ಕಾಯಿ ಬಿಡುವ ಕಾಲದಲ್ಲಿ ಮತ್ತೆ ಮತ್ತೆ ಮದ್ದು ಬೀಳುತ್ತದೆ. ಪ್ರವಾಸದ ತಿಂಗಳು, ಕಾಯಿ ಕೊಯ್ಯುವ ತಿಂಗಳು, ಮದ್ದಿನ ತಿಂಗಳು ಮೂರೂ ಒಂದೇ ಎಂಬುದು ಏಜೆಂಟರ ಹಾಳೆಯಲ್ಲಿ ಬರೆದಿರುವುದಿಲ್ಲ.

ಎಲ್ಲರೂ ಎಡವುವ ಜಾಗ ಒಂದಿದೆ. ಮದ್ದಿನ ಡಬ್ಬಿಯ ಮೇಲೆ ಬರೆದಿರುವ ‘ಕಾಯಬೇಕಾದ ದಿನಗಳು’ ಕೊಯ್ಲಿನ ಲೆಕ್ಕ, ಅಂದರೆ ಮದ್ದು ಬಿಟ್ಟು ಎಷ್ಟು ದಿನ ಕಳೆದ ಮೇಲೆ ಕಾಯಿ ಕೊಯ್ಯಬಹುದು ಎಂಬುದು. ಬದನೆಯಲ್ಲಿ ಎಮಾಮೆಕ್ಟಿನ್ ಬೆಂಜೊಯೇಟ್‌ಗೆ ಅದು 3 ದಿನ, ಕ್ಲೋರಾಂಟ್ರಾನಿಲಿಪ್ರೋಲ್‌ಗೆ 22 ದಿನ. ಮನುಷ್ಯರು ಗದ್ದೆಗೆ ಮತ್ತೆ ಕಾಲಿಡುವ ಗಡುವು ಬೇರೆ. ಎಲೆ ಒಣಗಿದರೆ ಸಾಕು ಎನ್ನುವವರಿದ್ದಾರೆ. ಎಲೆಯ ಮೇಲೆ ಒಣಗಿ ಉಳಿದದ್ದೇ ಬೆವರಿದ ಕೈಗೆ ಹತ್ತಿ ಕಣ್ಣಿಗೂ ಬಾಯಿಗೂ ಹೋಗುವುದು. ಮಕ್ಕಳ ಗುಂಪಿಗೆ 48 ಗಂಟೆಗಿಂತ ಕಡಿಮೆ ಅಂತರ ಒಪ್ಪಲೇಬೇಡಿ, ಲೇಬಲ್ ಇನ್ನೂ ಹೆಚ್ಚು ಹೇಳಿದರೆ ಅಷ್ಟು. ಅವತ್ತು ಬೆಳಿಗ್ಗೆ ಏಳಕ್ಕೆ ಸಿಂಪಡಣೆ ಮುಗಿದಿತ್ತು, ಮಕ್ಕಳು ಇಳಿದದ್ದು ಹನ್ನೆರಡೂವರೆಗೆ. ಅಲ್ಲಿಂದ ನೇರ ಬಸ್ಸಿಗೆ ಹೋಗಿ, ಕೈ ತೊಳೆಯದೆ ಪೊಟ್ಟಣದ ಚಿತ್ರಾನ್ನ ಬಿಚ್ಚಿದರು.

ಆದ್ದರಿಂದ ಏಜೆಂಟನ ಮೂಲಕ ಬೇಡ, ಗದ್ದೆಯ ಯಜಮಾನರಿಗೇ ಮೂರು ದಿನ ಮೊದಲು ಫೋನ್ ಮಾಡಿ, ಹೊರಡುವ ಹಿಂದಿನ ಸಂಜೆ ಇನ್ನೊಮ್ಮೆ ಮಾಡಿ. ಕೊನೆಯ ಸಲ ಮದ್ದು ಬಿಟ್ಟದ್ದು ಯಾವಾಗ, ಅದರ ಹೆಸರೇನು, ಅಕ್ಕಪಕ್ಕದ ಗದ್ದೆಯವರು ಯಾವಾಗ ಬಿಡುತ್ತಾರೆ ಎಂದು ಕೇಳಿ. ಕೊನೆಯದ್ದನ್ನು ಯಾರೂ ಕೇಳುವುದಿಲ್ಲ. ಕಡಲ ಗಾಳಿ ಎದ್ದ ಮೇಲೆ ಪಕ್ಕದ ಗದ್ದೆಯ ಹನಿ ನಡುವಿನ ಅಂಚು ದಾಟಿ ಬರುತ್ತದೆ. ಲೇಬಲ್ಲಿನ ಫೋಟೊ ವಾಟ್ಸ್ಆ್ಯಪ್‌ಗೆ ತರಿಸಿಕೊಳ್ಳಿ. ಅದರಲ್ಲಿನ ವಜ್ರಾಕಾರದ ಗುರುತಿನ ಕೆಳಭಾಗ ಕೆಂಪಾಗಿದ್ದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು, ಹಳದಿ ಇದ್ದರೆ ದಿನ ಬದಲಿಸಿ. ಬೆಳೆಗಾರರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಹೇಳದೆ ಕೇಳದೆ ಬಂದು ಗಿಡ ತುಳಿದರೆ ಆಗುತ್ತದೆ.

ಇನ್ನು ಆ ದಿನದ ಕ್ರಮ. ಮಲ್ಪೆ, ಕೃಷ್ಣಮಠ ಎಲ್ಲ ಮುಗಿಸಿ ಕೊನೆಗೆ ಗದ್ದೆ ಎಂದು ಹಾಕಿದರೆ ನಡುಮಧ್ಯಾಹ್ನದ ಬಿಸಿಲು, ಬೆವರು, ಹಸಿವು ಒಟ್ಟಿಗೆ ಬರುತ್ತವೆ. ಗದ್ದೆಯನ್ನು ಬೆಳಿಗ್ಗೆ ಎಂಟೂವರೆಗೆ ಮೊದಲು ಮುಗಿಸಿ. ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟ ಮೇಲೆ ರಸ್ತೆ ಕಿರಿದು, ದೊಡ್ಡ ಬಸ್ಸು ಎಲ್ಲಿ ತಿರುಗುತ್ತದೆ ಎಂದು ಮೊದಲೇ ವಿಚಾರಿಸಿ. ಕಡಲ ಬದಿಯ ಬಾವಿ ನೀರು ಉಪ್ಪಾಗಿರಬಹುದು, ಕುಡಿಯಲು ಮತ್ತು ತೊಳೆಯಲು ನೀರು ಜೊತೆಗೇ ಇರಲಿ: 50 ಮಕ್ಕಳಿಗೆ ಕೈ ತೊಳೆಯಲೇ 20 ಲೀಟರಿನ ಮೂರು ಕ್ಯಾನ್ ಮತ್ತು ಸಾಬೂನು. ಸ್ಯಾನಿಟೈಸರ್ ಹಚ್ಚಿದರೆ ಮದ್ದು ಹೋಗುವುದಿಲ್ಲ.

ತುಂಬು ತೋಳಿನ ಅಂಗಿ, ಮುಚ್ಚಿದ ಬೂಟು ಕಡ್ಡಾಯ. ಗುಳ್ಳದ ತೊಟ್ಟಿನಲ್ಲಿ ಮುಳ್ಳಿದೆ. ಫೋಟೊಗೆಂದು ಹಿಡಿದೆಳೆದವರ ಬೆರಳಲ್ಲಿ ಅದು ಮುರಿದು ಕೂರುತ್ತದೆ. ಅವತ್ತು ಹೆಡ್‌ಮಾಸ್ಟರರೇ ಮೊದಲು ಚುಚ್ಚಿಸಿಕೊಂಡದ್ದು. ಹತ್ತು ಮಕ್ಕಳಿಗೊಬ್ಬ ದೊಡ್ಡವರು, ನಡೆಯುವುದು ಅಂಚಿನ ಮೇಲೆ ಮಾತ್ರ. ಸಾಲಿನ ನಡುವೆ ಮೂರಡಿ ಬಿಟ್ಟಿದ್ದರೂ ಬೆಳೆದ ಗಿಡಗಳು ಒಂದಕ್ಕೊಂದು ತಾಗಿರುತ್ತವೆ, ಒಳಗೆ ನುಗ್ಗಿದರೆ ಹೂವು ಉದುರುತ್ತದೆ, ಎಲೆಯೆಲ್ಲ ಮೈಗೆ ಒರೆಸುತ್ತದೆ.

ಇಷ್ಟಾದ ಮೇಲೂ ಮಗುವಿಗೆ ಕಣ್ಣುರಿ, ತಲೆಸುತ್ತು, ವಾಂತಿ ಕಂಡರೆ ಬಟ್ಟೆ ಬದಲಿಸಿ, ಮೈ ಸಾಬೂನಿನಿಂದ ತೊಳೆಯಿರಿ. ಕಣ್ಣಿಗೆ ಬರೀ ನೀರನ್ನು 15 ನಿಮಿಷ ಹರಿಸಿ. ವಾಂತಿ ಮಾಡಿಸಲು ಹೋಗಬೇಡಿ. ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಉಸಿರಿಗೆ ಕಷ್ಟ, ಕಣ್ಣಪಾಪೆ ಸೂಜಿಮೊನೆಯಷ್ಟಾದದ್ದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ 108. ಆ ಲೇಬಲ್ ಫೋಟೊ ಆಗ ವೈದ್ಯರ ಕೈಗೆ ಹೋಗಬೇಕು, ಗಿಡಕ್ಕೆ ಹೊಡೆದ ಮದ್ದು ಯಾವುದೋ ಅದರಂತೆ ಚಿಕಿತ್ಸೆ ಬದಲಾಗುತ್ತದೆ.

ಏಜೆಂಟ್ ಕಳಿಸಿದ ಗೈಡ್ ಇನ್ನೊಂದು ಎಡವಟ್ಟು ಮಾಡಿದ. ಇದು ಬಿಟಿ ಬದನೆ (ಹುಳ ತಡೆಯಲೆಂದು ವಂಶವಾಹಿ ಬದಲಿಸಿದ ತಳಿ), ಮದ್ದೇ ಬೇಡ ಎಂದು ಮಕ್ಕಳಿಗೆ ಹೇಳಿಬಿಟ್ಟ. ಬಿಟಿ ಬದನೆಯನ್ನು ವಾಣಿಜ್ಯವಾಗಿ ಬೆಳೆಯುವುದಕ್ಕೆ 2010ರ ಫೆಬ್ರವರಿಯಲ್ಲೇ ಕೇಂದ್ರ ತಡೆ ಹಾಕಿದೆ. ಮಕ್ಕಳು ಧೈರ್ಯವಾಗಿ ಎಲೆ ಮುಟ್ಟಿದ್ದಕ್ಕೆ ಆ ಮಾತೂ ಕಾರಣ.

ಮನೆಗೆ ಗುಳ್ಳ ಒಯ್ಯುವ ಆಸೆಯಿದ್ದರೆ ಬೆಳೆಗಾರರಿಂದಲೇ ಕೊಳ್ಳಿ, ಮಕ್ಕಳ ಕೈಯಲ್ಲಿ ಕೀಳಿಸಬೇಡಿ. ದಾರಿಯಲ್ಲಿ ನಿಲ್ಲಿಸಿದಲ್ಲಿ ಸಿಗುವ ದುಂಡು ಹಸಿರು ಬದನೆಯೆಲ್ಲ ಮಟ್ಟು ಗುಳ್ಳವಲ್ಲ. ಅವತ್ತು ಬಸ್ಸಿನಲ್ಲಿ ಹೋದ ಎರಡು ಚೀಲವೂ ಬೇರೆ ಯಾವುದೋ ಬದನೆ.