ಬಚ್ಚಲು ಹೊಸದು ಮಾಡುವಾಗ: ಹಳೇ ಟೈಲ್ಸ್ ಮೇಲೇ ಹಾಕುವುದಾ, ಕಿತ್ತು ಹಾಕುವುದಾ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಳೇ ಕೆಂಪುಕಲ್ಲಿನ ಮನೆಗಳಲ್ಲಿ ಬಚ್ಚಲು ರಿಪೇರಿ ಅಂದ ಕೂಡಲೇ ಮೇಸ್ತ್ರಿ ಕೇಳುವ ಪ್ರಶ್ನೆ ಇದೇ.

ಹಳೇದರ ಮೇಲೆ ಹಾಕಿದರೆ ಒಡೆಯುವ ಕೂಲಿ ಇಲ್ಲ, ಧೂಳಿಲ್ಲ, ಕೆಲಸವೂ ಬೇಗ. ಆದರೆ ಬರೀ ಸಿಮೆಂಟು ನುಣುಪು ಟೈಲ್ಸಿಗೆ ಹಿಡಿಯುವುದಿಲ್ಲ, ಅದಕ್ಕೆಂದೇ ಇರುವ ಗಮ್ ಬೇಕು. ನೆಲ ಒಂದು, ಒಂದೂವರೆ ಸೆಂಟಿಮೀಟರ್ ಏರುತ್ತದೆ, ಆಮೇಲೆ ಬಾಗಿಲು ತಾಗುತ್ತದೆ, ನೀರು ಹೊರಗಿನ ಕೋಣೆಗೆ ಬರುತ್ತದೆ. ಮೊದಲು ಒಂದು ನಾಣ್ಯದಿಂದ ಪ್ರತಿ ಟೈಲ್ಸನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಅಲ್ಲಲ್ಲಿ ಕೇಳಿದರೆ ಈ ದಾರಿ ಬಿಟ್ಟುಬಿಡಿ.

ಕಿತ್ತರೆ ಖರ್ಚು ಜಾಸ್ತಿ, ಕೆಲವು ದಿನ ಸ್ನಾನಕ್ಕೆ ಪಕ್ಕದ ಮನೆಯೇ ಗತಿ. ಆದರೆ ಗೋಡೆಯೊಳಗಿನ ತುಕ್ಕು ಹಿಡಿದ ಕಬ್ಬಿಣದ ಪೈಪ್ ತೆಗೆದು ಬಿಸಿನೀರಿಗೆ ಸಿಪಿವಿಸಿ (ಬಿಸಿ ತಾಳುವ ಪ್ಲಾಸ್ಟಿಕ್ ಪೈಪ್) ಹಾಕಬಹುದು, ನೆಲದ ಇಳಿಜಾರನ್ನೂ ಸರಿ ಮಾಡಬಹುದು. ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಇಳಿಜಾರು ಸಾಕು. ವಾಟರ್‌ಪ್ರೂಫಿಂಗ್ ಬಳಿದು ಒಣಗಿದ ಮೇಲೆ ನೀರು ಹೋಗುವ ಜಾಲಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ, ಆಮೇಲಷ್ಟೇ ಟೈಲ್ಸ್. ನಮ್ಮ ಮನೆಯಲ್ಲಿ ಅವಸರಕ್ಕೆ ಇದನ್ನು ಬಿಟ್ಟೆವು, ಮೊದಲ ಮಳೆಗಾಲದಲ್ಲೇ ಪಕ್ಕದ ಮಲಗುವ ಕೋಣೆಯ ಗೋಡೆಯಲ್ಲಿ ಸುಣ್ಣ ಉಬ್ಬಿ ಉದುರಿತು.

ಗೋಡೆ ಒಣಗಿದ್ದು, ಪೈಪ್ ಚೆನ್ನಾಗಿದ್ದು, ಬಣ್ಣ ಮಾತ್ರ ಹಳೇದಾಗಿದ್ದರೆ ಮೇಲೇ ಹಾಕಿಸಿ. ಎಲ್ಲಾದರೂ ಒರತೆ ಇದ್ದರೆ ಕಿತ್ತೇ ಹಾಕಿಸಿ, ಅದೂ ಮೇ ತಿಂಗಳ ಒಳಗೆ. ಜೂನ್ ಬಂತೆಂದರೆ ನಮ್ಮಲ್ಲಿ ಗೋಡೆ ಒಣಗುವ ಮಾತೇ ಇಲ್ಲ, ಅಲ್ವಾ?