ಜಿಎಫ್‌ಒ, ವಿನೆಗರ್, ಪಾಚಿ: ನನ್ನ ಹವಳದ ಟ್ಯಾಂಕಿಗೆ ಯಾವುದು ಒಗ್ಗಿತು

ನನ್ನ ರೀಫ್ ಟ್ಯಾಂಕ್ 250 ಲೀಟರಿನದು, ಕೆಳಗೆ ನೀರು ಶುದ್ಧ ಮಾಡುವ 60 ಲೀಟರಿನ ತೊಟ್ಟಿ, ಅಂದರೆ ಸಂಪ್. ಆರು ಮೀನು, ಒಂದಷ್ಟು ಅಕ್ರೋಪೊರಾ ಮತ್ತು ಮಾಂಟಿಪೊರಾ, ಒಂದು ದೊಡ್ಡ ಯೂಫಿಲಿಯಾ; ಈ ಮೂರೂ ಹವಳಗಳೇ. ಎರಡು ವರ್ಷ ತುಂಬುವ ಹೊತ್ತಿಗೆ ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 40), ಫಾಸ್ಫೇಟ್ 0.32 ಪಿಪಿಎಂ ಆಗಿತ್ತು. ತಂದಾಗ ತಿಳಿ ಹಸಿರಾಗಿದ್ದ ಅಕ್ರೋಪೊರಾ ಕಂದು ಬಣ್ಣಕ್ಕೆ ತಿರುಗಿತ್ತು. ಹವಳದ ಮೈಯೊಳಗೆ ವಾಸಿಸುವ ಸಣ್ಣ ಪಾಚಿಗೆ ಗೊಬ್ಬರ, ಅಂದರೆ ಈ ನೈಟ್ರೇಟ್ ಮತ್ತು ಫಾಸ್ಫೇಟ್, ಜಾಸ್ತಿ ಸಿಕ್ಕಿದರೆ ಹೀಗಾಗುತ್ತದೆ. ಪಾಚಿ ದಟ್ಟವಾಗಿ, ಹವಳದ ಸ್ವಂತ ಬಣ್ಣ ಮುಚ್ಚಿಹೋಗುತ್ತದೆ. ವಾರಕ್ಕೆ 10% ನೀರು ಬದಲಿಸುತ್ತಿದ್ದೆ. ಅದೊಂದೇ ಸಾಲಲಿಲ್ಲ.

ಆಮೇಲೆ ಎರಡೂವರೆ ವರ್ಷದಲ್ಲಿ ಮೂರು ದಾರಿ ನೋಡಿದೆ. ನಡುವೆ ಒಮ್ಮೆ ಮೀನಿನ ಊಟ ಜಾಸ್ತಿ ಮಾಡಿದ್ದು ಬಿಟ್ಟರೆ, ಮೀನು, ಅವುಗಳ ಊಟ, ಲೈಟು, ವಾರದ ನೀರು, ಇವು ಯಾವುದನ್ನೂ ಬದಲಿಸಲಿಲ್ಲ. ನಾನು ನೋಡಿದ್ದು ಯಾವುದು ಬೇಗ ಇಳಿಸುತ್ತದೆ ಅಂತ ಅಲ್ಲ. ಇಳಿಸಿದ ಮೇಲೆ ಅಲ್ಲೇ ನಿಲ್ಲಿಸುತ್ತದೆಯೇ ಅನ್ನುವುದೇ ನನಗೆ ಮುಖ್ಯ. ನನ್ನ ಗುರಿ ನೈಟ್ರೇಟ್ 3ರಿಂದ 10, ಫಾಸ್ಫೇಟ್ 0.03ರಿಂದ 0.1.

ಮೊದಲು ಜಿಎಫ್‌ಒ. ಇದು ಕಬ್ಬಿಣದ ಆಕ್ಸೈಡಿನ ಕಾಳು, ಫಾಸ್ಫೇಟ್ ಇದಕ್ಕೆ ಅಂಟಿಕೊಳ್ಳುತ್ತದೆ. ಕಂದು ನೀರು ಹೋಗುವವರೆಗೆ ತೊಳೆದು, ಡಬ್ಬಿಯ ಮೇಲೆ ಬರೆದಷ್ಟೂ ರಿಯಾಕ್ಟರಿಗೆ, ಅಂದರೆ ಕಾಳಿನ ಮೂಲಕ ನೀರು ಹಾಯಿಸುವ ಕೊಳವೆಗೆ, ಹಾಕಿದೆ. ನಾಲ್ಕೇ ದಿನಕ್ಕೆ 0.32 ಇದ್ದದ್ದು 0.04 ಆಯಿತು. ಖುಷಿಯಾಯಿತು. ಏಳನೇ ದಿನ ಒಂದು ಅಕ್ರೋಪೊರಾದ ಬುಡದಲ್ಲಿ ಉಗುರಿನಗಲ ಬಿಳಿ ಕಂಡಿತು. ಮೈ ಸುಲಿದು ಬರೀ ಅಸ್ಥಿ ಉಳಿದಿತ್ತು. ಎರಡು ವಾರದಲ್ಲಿ ಆ ಹವಳ ಪೂರ್ತಿ ಹೋಯಿತು. ಫಾಸ್ಫೇಟ್ ಜಾಸ್ತಿ ಇದ್ದಾಗ ಒಂದು ವರ್ಷ ಬದುಕಿದ್ದು, ಅದು ಧಡಕ್ಕನೆ ಇಳಿದಾಗ ಸತ್ತಿತು.

ಇನ್ನೊಂದು ವಿಷಯ ಆಗ ಅರ್ಥವಾಯಿತು. ಫಾಸ್ಫೇಟ್ ನೀರಿನಲ್ಲಷ್ಟೇ ಇರುವುದಿಲ್ಲ, ಕಲ್ಲು ಮತ್ತು ಮರಳೂ ಅದನ್ನು ಹಿಡಿದಿಟ್ಟಿರುತ್ತವೆ. ನೀರಿನಲ್ಲಿ ಕಡಿಮೆಯಾದ ಕೂಡಲೇ ಕಲ್ಲಿನಿಂದ ಹೊರಗೆ ಬರುತ್ತದೆ. ಹಾಗಾಗಿ ಕಾಳಿನ ಶಕ್ತಿ ಮುಗಿದಾಗಲೆಲ್ಲ ಫಾಸ್ಫೇಟ್ ಮತ್ತೆ 0.2ಕ್ಕೆ ಏರುತ್ತಿತ್ತು, ಹೊಸ ಕಾಳು ಹಾಕಿದರೆ ಮತ್ತೆ ಕುಸಿಯುತ್ತಿತ್ತು. ನೈಟ್ರೇಟ್ ಮಾತ್ರ 40ರಲ್ಲೇ ಇತ್ತು. ಅದನ್ನು ಜಿಎಫ್‌ಒ ಮುಟ್ಟುವುದೇ ಇಲ್ಲ.

ಎರಡನೆಯದು ವಿನೆಗರ್. ನೀರಿಗೆ ಕಾರ್ಬನ್ ಕೊಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೆಳೆಯುವಾಗ ನೈಟ್ರೇಟ್ ಮತ್ತು ಫಾಸ್ಫೇಟ್ ತಿನ್ನುತ್ತವೆ, ಆ ಬ್ಯಾಕ್ಟೀರಿಯಾವನ್ನು ಸ್ಕಿಮ್ಮರ್, ಅಂದರೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ, ಎಳೆದು ಹಾಕುತ್ತದೆ. ಒಳ್ಳೆಯ ಸ್ಕಿಮ್ಮರ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ದಿನಕ್ಕೆ 3 ಮಿಲೀ ಇಂದ ಶುರು ಮಾಡಿ, ವಾರಕ್ಕೆ 3 ಮಿಲೀ ಏರಿಸುತ್ತಾ 24ಕ್ಕೆ ತಂದೆ. ಒಂದು ವಾರ ಅವಸರ ಮಾಡಿ 6 ಮಿಲೀ ಏರಿಸಿದೆ. ಬೆಳಿಗ್ಗೆ ನೀರು ಗಂಜಿಯ ತಿಳಿಯ ಹಾಗೆ ಮಸುಕಾಗಿತ್ತು, ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಬ್ಯಾಕ್ಟೀರಿಯಾ ಆಮ್ಲಜನಕವನ್ನೂ ತಿನ್ನುತ್ತವೆ. ತಕ್ಷಣ ಏರ್ ಪಂಪ್ ಇಟ್ಟಿದ್ದರಿಂದ ಯಾವುದೂ ಸಾಯಲಿಲ್ಲ.

ನೈಟ್ರೇಟ್ ಇಳಿಸುವುದರಲ್ಲಿ ಮೂರರಲ್ಲಿ ಇದಕ್ಕೇ ಬಲ ಜಾಸ್ತಿ. ಎರಡೂವರೆ ತಿಂಗಳಲ್ಲಿ 40 ಇದ್ದದ್ದು 4 ಆಯಿತು. ಸ್ಕಿಮ್ಮರಿನ ಕಪ್ಪಿನಲ್ಲಿ ದಿನಾ ಕಪ್ಪು ಕೆಸರು. ಹವಳಕ್ಕೆ ಬಣ್ಣ ಬಂತು. ಅಲ್ಲಿಗೇ ಅಳತೆ ಕಡಿಮೆ ಮಾಡಬೇಕಿತ್ತು, ನಾನು ಮಾಡಲಿಲ್ಲ. ಮೂರು ವಾರದಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ 0.01. ಕೆಂಪು ಮಾಂಟಿಪೊರಾ ಬಿಳಿಚಿಕೊಂಡಿತು. ಕ್ಷಾರೀಯತೆ, ಅಂದರೆ ಹವಳ ಅಸ್ಥಿ ಕಟ್ಟಲು ಬಳಸುವ ಕಾರ್ಬೊನೇಟಿನ ಪ್ರಮಾಣ, ಆಗ 10 ಡಿಕೆಎಚ್ (ಅದನ್ನು ಅಳೆಯುವ ಮಾನ) ಇತ್ತು. ಪೋಷಕಾಂಶ ಇಲ್ಲದ ನೀರಿನಲ್ಲಿ ಅಷ್ಟು ಕ್ಷಾರೀಯತೆ ಇದ್ದರೆ ಅಕ್ರೋಪೊರಾದ ತುದಿ ಸುಡುತ್ತದೆ, ನನ್ನಲ್ಲೂ ಸುಟ್ಟಿತು. ಈಗ 7.5 ದಾಟಲು ಬಿಡುವುದಿಲ್ಲ.

ಆಮೇಲೆ ಡೈನೋ, ಅಂದರೆ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ, ಬಂತು. ಅದನ್ನು ನೋಡಿಲ್ಲದವರಿಗೆ ಹೇಳುತ್ತೇನೆ: ಮರಳಿನ ಮೇಲೆ ಕಂದು ಲೋಳೆ, ಅದರೊಳಗೆ ಸಿಕ್ಕಿಕೊಂಡ ಸಣ್ಣ ಸಣ್ಣ ಗುಳ್ಳೆ. ಸಂಜೆಗೆ ದಾರದ ಹಾಗೆ ಎಳೆ ಬಿಟ್ಟುಕೊಂಡು ತೂಗಾಡುತ್ತದೆ. ಲೈಟು ಆರಿ ಬೆಳಗಾಗುವಷ್ಟರಲ್ಲಿ ಮರಳು ಸ್ವಚ್ಛ. ಮಧ್ಯಾಹ್ನ ನೋಡಿದರೆ ಮತ್ತೆ ಅದೇ. ಬೇರೆ ಪಾಚಿಗೆ, ಬ್ಯಾಕ್ಟೀರಿಯಾಕ್ಕೆ ಊಟ ಇಲ್ಲದಾಗ ಇದಕ್ಕೆ ಜಾಗ ಸಿಗುತ್ತದೆ. ಎಷ್ಟು ತೊಳೆದರೂ ಹೋಗಲಿಲ್ಲ. ವಿನೆಗರ್ ನಿಲ್ಲಿಸಿ, ಮೀನಿಗೆ ಊಟ ಜಾಸ್ತಿ ಮಾಡಿ, ಸೋಡಿಯಂ ನೈಟ್ರೇಟ್ ದ್ರಾವಣ ಹಾಕಿ ನೈಟ್ರೇಟನ್ನು 5ಕ್ಕೆ, ಫಾಸ್ಫೇಟನ್ನು 0.08ಕ್ಕೆ ಏರಿಸಿದೆ. ಆರು ವಾರ ಹಿಡಿಯಿತು. ಇಷ್ಟು ವರ್ಷದಲ್ಲಿ ನಾನು ಕಳೆದುಕೊಂಡ ಹವಳದಲ್ಲಿ ಮುಕ್ಕಾಲು ಪಾಲು ಹೋದದ್ದು ಪೋಷಕಾಂಶ ಹೆಚ್ಚಾಗಿ ಅಲ್ಲ. ನಾನು ಸೊನ್ನೆಯ ಹಿಂದೆ ಬಿದ್ದದ್ದರಿಂದ.

ಇಲ್ಲಿ ಅನುಪಾತದ ಮಾತೂ ಬರುತ್ತದೆ, ಅಲ್ವಾ? ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಸಮುದ್ರದ ನೀರಿನಲ್ಲೂ ತೇಲುಜೀವಿಗಳ ಮೈಯಲ್ಲೂ ನೈಟ್ರೋಜನ್ ಮತ್ತು ಫಾಸ್ಫರಸ್ ಪ್ರಮಾಣ ಒಂದಕ್ಕೊಂದು ಹೊಂದುತ್ತದೆ ಎಂದು ತೋರಿಸಿದರು. ಈಗ 16:1 ಅನ್ನುವುದು ಅದನ್ನೇ. ಇದು ಪರಮಾಣುಗಳ ಲೆಕ್ಕ. ನಮ್ಮ ಟೆಸ್ಟ್ ಕಿಟ್ಟಿನ ಪಿಪಿಎಂಗೆ ತಂದರೆ ನೈಟ್ರೇಟ್ ಮತ್ತು ಫಾಸ್ಫೇಟ್ ಸುಮಾರು 10:1 ಆಗುತ್ತದೆ. ನನ್ನ ಟ್ಯಾಂಕ್ ಅತ್ಯಂತ ಚೆನ್ನಾಗಿದ್ದಾಗ 5 ಮತ್ತು 0.06 ಇತ್ತು. ಅಂದರೆ 80:1ಕ್ಕಿಂತ ಜಾಸ್ತಿ. ಹಾಗಾಗಿ ಅನುಪಾತಕ್ಕಾಗಿ ನಾನು ಏನನ್ನೂ ಹಾಕುವುದಿಲ್ಲ. ಎರಡರಲ್ಲಿ ಯಾವುದೂ ಸೊನ್ನೆಯಾಗಬಾರದು, ಅಷ್ಟೇ ನೋಡಿಕೊಳ್ಳುತ್ತೇನೆ.

ಫಾಸ್ಫೇಟ್ ಅಳೆಯಲು ಬಣ್ಣದ ಚೀಟಿ ಸಾಲುವುದಿಲ್ಲ. ನಾನು ಬಳಸುವ ಮೀಟರ್ ಫಾಸ್ಫರಸ್ಸನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದಲ್ಲೊಂದು ಭಾಗ) ತೋರಿಸುತ್ತದೆ. ಅದನ್ನು 3.066ರಿಂದ ಗುಣಿಸಿ 1000ರಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ ಸಿಗುತ್ತದೆ. 20 ಅಂತ ತೋರಿಸಿದರೆ 0.06. ಗಾಜಿನ ಸೀಸೆಯ ಮೇಲೆ ಬೆರಳಚ್ಚು ಇದ್ದರೂ ಲೆಕ್ಕ ತಪ್ಪುತ್ತದೆ, ಒರೆಸಿ ಇಡಿ.

ಮೂರನೆಯದು ಪಾಚಿ. ಸಂಪಿನ ಒಂದು ಭಾಗದಲ್ಲಿ ಕೀಟೋಮಾರ್ಫಾ ಎಂಬ ಎಳೆಎಳೆಯ ಹಸಿರು ಪಾಚಿ ಹಾಕಿ ಮೇಲೊಂದು ಲೈಟು ಕಟ್ಟಿದೆ. ಆಗ ನೈಟ್ರೇಟ್ 12, ಫಾಸ್ಫೇಟ್ 0.14 ಇತ್ತು. ಮೊದಲ ಎರಡಕ್ಕಿಂತ ಸುಲಭದ ಆರಂಭ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಹಿಡಿಯಷ್ಟಿದ್ದ ಉಂಡೆ ತೆಂಗಿನಕಾಯಿಯಷ್ಟಾಯಿತು. ಮುಟ್ಟಿದರೆ ಒರಟು, ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ನಾರಿನ ಹಾಗೆ. ಹಿಂಡಿ ಎತ್ತಿದರೆ ಅದರೊಳಗಿಂದ ಸೀಗಡಿಯ ಹಾಗಿರುವ ಪುಟ್ಟ ಆಂಫಿಪಾಡ್‌ಗಳು ಕೈಮೇಲೆ ಹರಿದಾಡುತ್ತವೆ. ಅವನ್ನು ಸಂಪಿನ ನೀರಿನಲ್ಲಿ ಜಾಲಿಸಿಬಿಟ್ಟು, ಅರ್ಧ ಉಂಡೆ ಹೊರಗೆ ಹಾಕುತ್ತೇನೆ. ಹಾಗೆ ಹೊರಗೆ ಹೋದದ್ದೇ ಟ್ಯಾಂಕಿನಿಂದ ಹೋದ ನೈಟ್ರೇಟ್ ಮತ್ತು ಫಾಸ್ಫೇಟ್.

ಈ ಲೈಟನ್ನು ರಾತ್ರಿ ಉರಿಸುತ್ತೇನೆ. ಮೇಲಿನ ಟ್ಯಾಂಕ್ ಕತ್ತಲಾದಾಗ ಪಾಚಿ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಪಿಎಚ್ ಬೀಳುವುದಿಲ್ಲ. ಮೊದಲು ಬೆಳಗಿನ ಜಾವ 7.8 ಇರುತ್ತಿತ್ತು, ಈಗ 8.0ಕ್ಕಿಂತ ಕೆಳಗೆ ಬಂದಿಲ್ಲ. ಇನ್ನೂ ದೊಡ್ಡ ಲಾಭ ಅಂದರೆ, ನೈಟ್ರೇಟ್ ತೀರಾ ಕಡಿಮೆಯಾದರೆ ಪಾಚಿಯ ಬೆಳವಣಿಗೆ ತಾನಾಗಿ ನಿಧಾನವಾಗುತ್ತದೆ. ವಿನೆಗರ್ ಹಾಕುವ ಕೈಗೆ ಆ ತಡೆ ಇಲ್ಲ.

ತೊಂದರೆಯೂ ಇದೆ. ಕಿತ್ತ ಎಳೆಗಳು ನೀರನ್ನು ಮೇಲಿನ ಟ್ಯಾಂಕಿಗೆ ವಾಪಸ್ ತಳ್ಳುವ ರಿಟರ್ನ್ ಪಂಪಿಗೆ ಹೋಗುತ್ತವೆ, ನಡುವೆ ಒಂದು ಜಾಲರಿ ಬೇಕೇ ಬೇಕು. ನೀರಿನ ಓಟ ಸಾಲದಿದ್ದರೆ ಉಂಡೆಯ ಒಳಭಾಗ ಬಿಳಿಯಾಗಿ ಕೊಳೆಯುತ್ತದೆ, ಆಗ ಹೀರಿದ್ದೆಲ್ಲ ನೀರಿಗೇ ವಾಪಸ್. ಫಾಸ್ಫೇಟ್ 0.3 ಇರುವಾಗ ಪಾಚಿಯೊಂದನ್ನೇ ನಂಬಿ ಕೂತರೆ ತಿಂಗಳುಗಟ್ಟಲೆ ಕಾಯಬೇಕು.

ಈಗ ಒಂದು ವರ್ಷದಿಂದ ಕೀಟೋ ಯಾವಾಗಲೂ ಇರುತ್ತದೆ. ಫಾಸ್ಫೇಟ್ 0.12 ದಾಟಿದರೆ ಡಬ್ಬಿಯಲ್ಲಿ ಹೇಳಿದ ಅಳತೆಯ ಕಾಲು ಭಾಗ ಜಿಎಫ್‌ಒ ಹಾಕುತ್ತೇನೆ. ಎರಡು ದಿನಕ್ಕೊಮ್ಮೆ ಅಳೆದು, 0.08 ಕಂಡ ದಿನ ತೆಗೆದುಬಿಡುತ್ತೇನೆ. ವಿನೆಗರ್ ನಿಲ್ಲಿಸಿದ್ದೇನೆ. ಸಂಪಿಗೆ ಜಾಗವೇ ಇಲ್ಲದ, ಟ್ಯಾಂಕಿಗೇ ನೇತುಹಾಕುವ ಸ್ಕಿಮ್ಮರ್ ಇರುವವರಿಗೆ ವಿನೆಗರೇ ಒಳ್ಳೆಯದು ಅನ್ನುತ್ತೇನೆ. ಆದರೆ ನೈಟ್ರೇಟ್ 10ಕ್ಕೆ ಬಂದ ದಿನದಿಂದಲೇ ಅಳತೆಯನ್ನು ಅರ್ಧಕ್ಕೆ ಇಳಿಸಿ. 5ರವರೆಗೆ ಕಾಯಬೇಡಿ.